ಹೊರಗಿನ ಊಟಕ್ಕೆ ಹೊಟ್ಟೆ ಕೆಡದಂತೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಉಣ್ಣುವವರಿಗೆ

ಬಂಡಿ ಅಂದರೆ ಹೊಲಸು, ಎಸಿ ಹೋಟೆಲ್ ಅಂದರೆ ಸ್ವಚ್ಛ. ನಮ್ಮಲ್ಲಿ ಬಹಳ ಮಂದಿ ಹೊರಗೆ ಉಣ್ಣುವುದು ಈ ಲೆಕ್ಕದ ಮೇಲೆ. ಆದರೆ ಕುದಿಯುವ ಎಣ್ಣೆಯಿಂದ ಈಗಷ್ಟೇ ಎತ್ತಿದ ಮಿರ್ಚಿಯಲ್ಲಿ ರೋಗಾಣು ಜೀವಂತ ಉಳಿಯುವ ಸಂಭವ ತೀರಾ ಕಡಿಮೆ. ದೊಡ್ಡ ಹೋಟೆಲಿನ ಆರತಕ್ಷತೆಯಲ್ಲಿ ಸಂಜೆ ಆರಕ್ಕೆ ತಂದಿಟ್ಟು ರಾತ್ರಿ ಹತ್ತರವರೆಗೆ ಉಗುರುಬೆಚ್ಚಗೆ ಕೂತ ಪನೀರ್ ಪಲ್ಯದ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾಗುವುದಿಲ್ಲ. ನೆಲದ ಟೈಲ್ಸು, ಗೋಡೆಯ ಬಣ್ಣ, ಬಡಿಸುವವರ ಸಮವಸ್ತ್ರ ಹೊಟ್ಟೆಯನ್ನು ಕಾಯುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ: ಬೇಯಿಸಿ ಎಷ್ಟು ತಾಸಾಯಿತು? ಬೆಂದ ಮೇಲೆ ಅದಕ್ಕೆ ಯಾವ ನೀರು, ಯಾವ ಕೈ ತಾಗಿತು? ಮುಂದಿನದೆಲ್ಲ ಈ ಎರಡನ್ನು ಊಟದ ಮೇಜಿನ ಮೇಲೆ ಬಳಸುವ ಬಗೆ.

ಮೊದಲು ಹೊತ್ತು ನೋಡಿ

ನಮ್ಮ ಕಡೆಯ ಖಾನಾವಳಿಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರ ಸುಮಾರಿಗೆ ಶುರುವಾಗಿ ಮೂರು-ಮೂರೂವರೆಗೆ ಮುಗಿಯುತ್ತದೆ. ಒಂದರಿಂದ ಎರಡರ ನಡುವೆ ಕೂರಲು ಜಾಗ ಸಿಗುವುದಿಲ್ಲ. ನೀವು ಕೊನೆಯ ತುತ್ತು ಎತ್ತುವ ಮೊದಲೇ ಯಾರೋ ಬಂದು ಬೆನ್ನ ಹಿಂದೆ ನಿಂತಿರುತ್ತಾರೆ. ಹೊಟ್ಟೆಯ ಮಟ್ಟಿಗೆ ಅದೇ ಒಳ್ಳೆಯ ಹೊತ್ತು. ಪಾತ್ರೆ ಖಾಲಿಯಾಗುತ್ತ, ಹೊಸದು ಒಲೆಯಿಂದ ಇಳಿಯುತ್ತ ಇರುತ್ತದೆ. ಆರಾಮಾಗಿ ಉಂಡರಾಯಿತೆಂದು ನಾಲ್ಕಕ್ಕೆ ಹೋದವರಿಗೆ ಸಿಗುವುದು ತಳದ ಅನ್ನ, ತಳದ ಪಲ್ಯ.

ಕಾರಣ ಸರಳ. ರೋಗಾಣುಗಳು ಚೆನ್ನಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೆಂದ ಅಡುಗೆಯನ್ನು ಈ ನಡುವಿನ ಬಿಸಿಯಲ್ಲಿ ಎರಡು ತಾಸಿಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗೆ 32 ಡಿಗ್ರಿ ಮೀರಿದರೆ ಒಂದೇ ತಾಸು ಎಂಬುದು ಅಮೆರಿಕದ ನಿಯಮ. ಗದಗಿನ ಏಪ್ರಿಲ್‌ಗೆ ಅದೇ ಹೆಚ್ಚು ಒಪ್ಪುತ್ತದೆ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಒಂದು ಕಣ ಏಳು ತಾಸಿನಲ್ಲಿ 20 ಲಕ್ಷ ದಾಟುತ್ತದೆ. ಇಷ್ಟಾದರೂ ರುಚಿ ಕೆಡದೆ, ವಾಸನೆ ಬಾರದೆ ಇರಬಹುದು. ಅನ್ನ ಹಳಸಿದ ವಾಸನೆ ತರುವ ಸೂಕ್ಷ್ಮಜೀವಿಗಳು ಬೇರೆ, ನಿಮ್ಮನ್ನು ಮಲಗಿಸುವವು ಬೇರೆ. ಮೂಸಿ ನೋಡಿ ಉಣ್ಣುವ ನಮ್ಮ ಹಳೆಯ ರೂಢಿಯನ್ನು ಪೂರ್ತಿ ನಂಬಲಾಗದ್ದು ಇದಕ್ಕೇ.

ಹೊತ್ತಲ್ಲದ ಹೊತ್ತಿನಲ್ಲಿ ಬಸ್ಸಿಳಿದವರು ಏನು ಮಾಡಬೇಕು? ಪೂರ್ತಿ ಊಟ ಬಿಟ್ಟು, ಕಣ್ಣೆದುರಿಗೆ ಬಿಸಿ ಮಾಡಿ ಕೊಡುವುದನ್ನು ಕೇಳಿ. ದೋಸೆ, ಮಂಡಕ್ಕಿ ಒಗ್ಗರಣಿ, ಅವಲಕ್ಕಿ, ಹಂಚಿನಿಂದ ಇಳಿಯುವ ರೊಟ್ಟಿ. ರಾಣೇಬೆನ್ನೂರು, ಹಾವೇರಿ, ಬಂಕಾಪುರದ ಆಸುಪಾಸಿನ ಹೆದ್ದಾರಿ ಧಾಬಾಗಳಲ್ಲಿ ರಾತ್ರಿ ಬಸ್ಸು ನಿಂತಾಗಲೂ ಇದೇ ಮಾತು. ತಂದೂರಿನ ರೊಟ್ಟಿ, ಆಗಲೇ ಒಗ್ಗರಣೆ ಹಾಕಿದ ದಾಲ್ ಸಾಕು. ಗ್ರೇವಿಗಳ ಸಾಲಿಗೆ ಹೋಗಬೇಡಿ. ಅವು ಯಾವಾಗ ಇಳಿದವೆಂದು ಬಡಿಸುವ ಹುಡುಗನಿಗೂ ತಿಳಿದಿರುವುದಿಲ್ಲ.

ಒಳಗೆ ಕಾಲಿಟ್ಟ ಮೇಲೆ

ಮೇಜಿಗೆ ಹೋಗುವ ಮೊದಲು ಕೈ ತೊಳೆಯುವ ಜಾಗಕ್ಕೆ ಹೋಗಿ. ಅಲ್ಲಿ ಸಾಬೂನು ಇಲ್ಲದಿದ್ದರೆ ನಿಮಗಷ್ಟೇ ಇಲ್ಲ ಅಂತಲ್ಲ, ಬಡಿಸುವವರಿಗೂ ಇಲ್ಲ. ಚಿಕ್ಕ ಹೋಟೆಲಿನಲ್ಲಿ ಎಲ್ಲರಿಗೂ ಅದೊಂದೇ ನಲ್ಲಿ. ಅಲ್ಲಿಂದಲೇ ತಾಟು ತೊಳೆಯುವ ಕಡೆ ಕಣ್ಣು ಹಾಯಿಸಿ. ಹರಿಯುವ ನೀರಿನಲ್ಲಿ ತೊಳೆಯುತ್ತಿದ್ದಾರೋ, ಅಥವಾ ಒಂದೇ ಮುಸುರೆ ಬಕೀಟಿನಲ್ಲಿ ನೂರಾರು ತಾಟು ಅದ್ದಿ ತೆಗೆಯುತ್ತಿದ್ದಾರೋ? ಇನ್ನೊಂದು ಕೆಡುಕು ಅರಿವೆಯದು. ಮೇಜು ಒರೆಸಿದ ಅರಿವೆಯಿಂದಲೇ ತಾಟಿನ ನೀರನ್ನೂ ಒರೆಸಿ ಮುಂದಿಡುವುದನ್ನು ನೀವೂ ನೋಡಿರುತ್ತೀರಿ. ತಾಟು ಒದ್ದೆಯಿದ್ದರೆ ಇರಲಿ, “ಒರಸಬ್ಯಾಡ್ರಿ, ಹಂಗ ಇಡ್ರಿ” ಎನ್ನಿ. ಬಾಳೆಲೆ ಹಾಕುವ ಕಡೆ ಅದನ್ನು ನೀವೇ ಶುದ್ಧ ನೀರಿನಲ್ಲಿ ತೊಳೆದುಕೊಳ್ಳಿ.

ಗಲ್ಲಾದ ಹಿಂದೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ತೂಗುಹಾಕಿರಬೇಕು. 2022ರಿಂದ ಬಿಲ್ಲಿನ ಮೇಲೂ ಅದು ಕಡ್ಡಾಯ. ಅದರಿಂದ ಇವತ್ತಿನ ಸಾರು ಸರಿಯಿದೆಯೆಂದು ತಿಳಿಯುವುದಿಲ್ಲ. ಏನಾದರೂ ಆದರೆ ಹಿಡಿಯಲು ಒಂದು ವಿಳಾಸ ಸಿಗುತ್ತದೆ, ಅಷ್ಟೇ. ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ತಾಟಿನಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ

ಉತ್ತರ ಕರ್ನಾಟಕದ ಊಟದ ತಾಟನ್ನು ಈ ದೃಷ್ಟಿಯಿಂದ ನೋಡಿದರೆ ನಮ್ಮ ಹಿರಿಯರು ಬೇಸಿಗೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಅಡುಗೆ ಮಾಡಿದಂತೆ ಕಾಣುತ್ತದೆ. ಬಿಸಿ ಜೋಳದ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರುತ್ತದೆ. ಕಡಕ್ ರೊಟ್ಟಿಯಲ್ಲಿ ನೀರಿನ ಅಂಶವೇ ಇಲ್ಲವೆನ್ನುವಷ್ಟು ಕಡಿಮೆ; ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಲ್ಲ ಹುರಿದು ಕುಟ್ಟಿದ ಒಣ ಪುಡಿ. ಗಟ್ಟಿ ಮೊಸರು ಹುಳಿಯಿರುವುದರಿಂದ ಬಹುತೇಕ ರೋಗಾಣುಗಳಿಗೆ ಒಗ್ಗುವುದಿಲ್ಲ. ಎಣ್ಣೆಗಾಯಿ, ಕಾಳಿನ ಪಲ್ಯ, ಝುಣಕ ಆವಿಯಾಡುತ್ತಿದ್ದರೆ ನಿಶ್ಚಿಂತೆಯಿಂದ ಉಣ್ಣಿ.

ಈ ತಾಟಿನ ಸಡಿಲ ಜಾಗ ಯಾವುದೆಂದರೆ ನಾವು ಬಹಳ ಹೆಮ್ಮೆಪಡುವ ಹಸಿ ಪಲ್ಲೆ. ಮೆಂತ್ಯೆ ಸೊಪ್ಪು, ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿ. ಒಲೆಯನ್ನೇ ಕಾಣದ ಪದಾರ್ಥ ತಾಟಿನಲ್ಲಿ ಇದೊಂದೇ. ಹೊಲದ ಮಣ್ಣು, ಕೆಲವು ಕಡೆ ಚರಂಡಿ ಬೆರೆತ ಹಳ್ಳದ ನೀರು, ಮಾರುಕಟ್ಟೆಯಲ್ಲಿ ತಾಜಾ ಕಾಣಲೆಂದು ಚಿಮುಕಿಸಿದ ನೀರು, ಕೊನೆಗೆ ಹೋಟೆಲಿನ ಬಕೀಟಿನ ನೀರು ಎಲ್ಲವೂ ಅದರೊಂದಿಗೆ ತಾಟಿಗೆ ಬರುತ್ತವೆ. ಮನೆಯಲ್ಲಿ ಧಾರಾಳ ತಿನ್ನಿ. ಹೊರಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸೊಪ್ಪನ್ನು ಬಿಟ್ಟುಬಿಡಿ. ಇಡೀ ಉಳ್ಳಾಗಡ್ಡಿ, ಇಡೀ ಸವತಿಕಾಯಿ ಕೇಳಿ ಪಡೆದು ಸಿಪ್ಪೆ ನೀವೇ ತೆಗೆಯಬಹುದು. ಪರಿಚಯದ ಖಾನಾವಳಿಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯ ಸಡಿಲ ಜಾಗ ಹಸಿ ಕೊಬ್ಬರಿ ಚಟ್ನಿ. ಬೆಳಿಗ್ಗೆ ಆರಕ್ಕೆ ರುಬ್ಬಿದ್ದಕ್ಕೆ ಹತ್ತಕ್ಕೊಮ್ಮೆ ನೀರು ಬೆರೆಸಿ ಹನ್ನೊಂದರವರೆಗೆ ಇಡ್ಲಿಯ ಜೊತೆ ಓಡಿಸುವುದುಂಟು. ಒಂಬತ್ತರ ಮೇಲೆ ಇಡ್ಲಿ ತಿನ್ನುವವರು ಬಿಸಿ ಸಾಂಬಾರಿನಲ್ಲೇ ಮುಗಿಸುವುದು ಮೇಲು.

ಇಲ್ಲೊಂದು ನಂಬಿಕೆಯನ್ನು ಬದಿಗಿಡಬೇಕು. “ಖಾರ ಜೋರಿದ್ರ ಯಾವ ಕ್ರಿಮಿನೂ ಉಳಿಯಂಗಿಲ್ಲ ಬಿಡ್ರಿ” ಎಂದು ಊಟಕ್ಕೆ ಕೂತವರೆಲ್ಲ ಹೇಳುತ್ತಾರೆ. ನಾವು ತಿನ್ನುವ ಪ್ರಮಾಣದ ಖಾರಕ್ಕೆ ಯಾವ ರೋಗಾಣುವೂ ಸಾಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರಿರುವುದೂ ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆಯೇ. ಅದಕ್ಕೂ ಮಿಗಿಲಾಗಿ, ಒಣ ಮಸಾಲೆ ಪುಡಿಗಳು ತಾವೇ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಹೊತ್ತು ತರುತ್ತವೆ. ನಿಂಬೆ ಹಿಂಡುವುದು, ಊಟದ ಜೊತೆ ಒಂದು ಪೆಗ್ ಹಾಕುವುದು, ಇವೂ ಅದೇ ಸಾಲಿನವು.

ಅನ್ನದ ವಿಷಯ ಬೇರೆಯೇ

ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಏಕೆಂದರೆ ಅನ್ನವನ್ನು ಯಾರೂ ಅನುಮಾನಿಸುವುದಿಲ್ಲ. ಮಾಂಸಕ್ಕೆ ಹೆದರುತ್ತೇವೆ, ತತ್ತಿಗೆ ಹೆದರುತ್ತೇವೆ. ಅನ್ನ ಮಾತ್ರ ಮನೆಯ ಮಗ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಹಜವಾಗಿಯೇ ಇರುತ್ತವೆ. ಅನ್ನ ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಆರುತ್ತ ಬಂದಂತೆ ಮೊಳೆತು ಬೆಳೆದು ಒಂದು ವಿಷವನ್ನು ಬಿಡುತ್ತವೆ. ಆ ವಿಷ ಬಿಸಿಗೆ ಜಗ್ಗುವುದಿಲ್ಲ, ಮತ್ತೆ ಹುರಿದರೂ ಹೋಗುವುದಿಲ್ಲ. ಮಧ್ಯಾಹ್ನ ಬಸಿದು ರಾಶಿ ಹಾಕಿಟ್ಟ ಅನ್ನವನ್ನು ರಾತ್ರಿ ಒಂಬತ್ತಕ್ಕೆ ಭುಗಿಲೆನ್ನುವ ಉರಿಯ ಮೇಲೆ ಎಗ್ ರೈಸ್ ಮಾಡಿ ಕೊಟ್ಟರೆ ಬಿಸಿ ಇರುತ್ತದೆ, ಹೊಗೆಯಾಡುತ್ತದೆ, ರುಚಿಯೂ ಇರುತ್ತದೆ. ಒಂದರಿಂದ ಆರು ತಾಸಿನೊಳಗೆ ವಾಂತಿ ಶುರುವಾದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಫ್ರೈಡ್ ರೈಸ್ ಮಾಡುವವರಿಗೆ ಆರಿದ ಅನ್ನವೇ ಬೇಕು. ಬಿಸಿ ಅನ್ನ ಮುದ್ದೆಯಾಗುತ್ತದೆ. ಹಾಗಾಗಿ ಅದು ಎಲ್ಲಿ ಆರಿತು ಎನ್ನುವುದೇ ಪ್ರಶ್ನೆ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ ಸರಿ. ಬಂಡಿಯ ಕೆಳಗಿನ ಆಳವಾದ ಪಾತ್ರೆಯಲ್ಲಿ ಬಟ್ಟೆ ಮುಚ್ಚಿಕೊಂಡಿದ್ದರೆ ನಡುವಿನ ಅನ್ನ ತಾಸುಗಟ್ಟಲೆ ಬೆಚ್ಚಗಿರುತ್ತದೆ. ಸಂಜೆ ಬಂಡಿ ತೆರೆದ ಮೊದಲ ತಾಸಿನಲ್ಲಿ ಹೋಗುವುದಕ್ಕೂ ಮುಚ್ಚುವ ಹೊತ್ತಿಗೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಹತ್ತರ ಮೇಲಾದರೆ ಅದೇ ಬಂಡಿಯಲ್ಲಿ ಅನ್ನ ಬಿಟ್ಟು ಆಮ್ಲೆಟ್ ಕೇಳಿ. ತತ್ತಿ ಕಣ್ಣೆದುರಿಗೇ ಒಡೆಯುತ್ತಾರೆ.

ಖಾನಾವಳಿಯಲ್ಲಾದರೆ ನೇರವಾಗಿ ಕೇಳಿ. “ಅಣ್ಣಾರ, ಅನ್ನ ಬಿಸಿ ಐತೇನ್ರಿ?” ಅಂದರೆ ಎಲ್ಲರೂ ಐತ್ರಿ ಅನ್ನುತ್ತಾರೆ. “ಎಷ್ಟೊತ್ತಿಗೆ ಇಳಿಸಿದ್ರಿ?” ಅಂತ ಕೇಳಿದರೆ ಉತ್ತರ ಬೇರೆ ಬರುತ್ತದೆ. ಕೆಲವು ಮಾಲಕರು ಪಾಪ, “ಹತ್ತು ನಿಮಿಷ ತಡೀರಿ, ಹೊಸದ ಬರಾಕತ್ತೈತಿ” ಎಂದು ತಾವೇ ಹೇಳುತ್ತಾರೆ. ಅಂಥ ಕಡೆ ಮತ್ತೆ ಹೋಗಿ.

ಸಾವಜಿ, ಕೋಳಿ, ತತ್ತಿ

ಸಾವಜಿ ಹೋಟೆಲಿನ ಮಟನ್ ರಸ್ಸಾ, ಖೀಮಾ ಉಂಡೆ ಒಲೆಯ ಮೇಲೆ ತಳಮಳಿಸುತ್ತಿದ್ದರೆ ಅನ್ನದಷ್ಟು ಚಿಂತೆಯಿಲ್ಲ. ದೊಡ್ಡ ಪಾತ್ರೆಯ ಮಾಂಸದ ಸಾರಿನಲ್ಲಿ ಬೆಳೆಯುವುದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್. ರಾತ್ರಿ ಉಳಿದ ಪಾತ್ರೆ ಹಾಗೆಯೇ ಆರಲು ಬಿಟ್ಟರೆ ಬೆಳಗಿನ ಹೊತ್ತಿಗೆ ತುಂಬಿರುತ್ತದೆ. ಅನ್ನದ ವಿಷಕ್ಕೂ ಇದಕ್ಕೂ ಇರುವ ಭೇದವೆಂದರೆ ಇದು ಬಿಸಿಗೆ ಸೋಲುತ್ತದೆ: ಮರುದಿನ ಸಾರು ಪೂರ್ತಿ ಮಳ್ಳಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಉಗುರುಬೆಚ್ಚಗೆ ಮಾಡಿ ಬಡಿಸಿದರೆ ಸಾಯುವುದಿಲ್ಲ. ಆದ್ದರಿಂದ ತಾಟಿಗೆ ಬಂದ ರಸ್ಸಾ ನಾಲಿಗೆ ಸುಡುವಷ್ಟು ಇಲ್ಲದಿದ್ದರೆ ಮುಜುಗರವಿಲ್ಲದೆ ವಾಪಸ್ ಕಳಿಸಿ.

ಕೋಳಿಯಲ್ಲಿ ನೋಡಬೇಕಾದದ್ದು ಎಲುಬಿನ ಬುಡ. ಅಲ್ಲಿ ಮಾಂಸ ಗುಲಾಬಿ ಬಣ್ಣಕ್ಕಿದ್ದು ರಸ ಕೆಂಪಾಗಿದ್ದರೆ ಒಳಗೆ 70 ಡಿಗ್ರಿ ಮುಟ್ಟಿಲ್ಲವೆಂದೇ ತಿಳಿಯಿರಿ. ಕೆಂಪು ಬಣ್ಣ ಹಾಕಿದ ಕಬಾಬಿನಲ್ಲಿ ಇದನ್ನು ಗುರುತಿಸುವುದೇ ಕಷ್ಟ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ, ಅದಕ್ಕೂ ಮೊದಲು ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿತು. ಆದರೆ ಬಣ್ಣದ ಕೇಡು ನಿಧಾನದ್ದು. ಈ ರಾತ್ರಿಯ ವಾಂತಿಗೆ ಅದು ಕಾರಣವಲ್ಲ. ಎರಡನ್ನೂ ಕಲಸಿ ಮಾತಾಡುವುದರಿಂದ ನಿಜವಾದ ಕಾರಣ ತಪ್ಪಿಸಿಕೊಳ್ಳುತ್ತದೆ.

ಷವರ್ಮಾ ಈಗ ಕಾಲೇಜುಗಳಿರುವ ಕಡೆಯೆಲ್ಲ ಬಂದಿದೆ. ತಿರುಗುವ ಮಾಂಸದ ಹೊರಪದರ ಬೇಯುತ್ತದೆ, ಒಳಗಿನದು ಬೆಚ್ಚಗಷ್ಟೇ ಇರುತ್ತದೆ. ಗಿರಾಕಿ ಹೆಚ್ಚಾದಾಗ ಒಳಗಿನದನ್ನೂ ಕೊಯ್ದು ಕೊಡುತ್ತಾರೆ. ಜೊತೆಗೆ ಹಸಿ ತತ್ತಿಯ ಮಯೊನೀಸ್. 2022ರ ಮೇ ತಿಂಗಳಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ವಿದ್ಯಾರ್ಥಿನಿ ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದೆ ಕೇರಳ, ತೆಲಂಗಾಣ, ತಮಿಳುನಾಡು ಹಸಿ ತತ್ತಿಯ ಮಯೊನೀಸನ್ನು ನಿಷೇಧಿಸಿದವು. ತಿನ್ನಲೇಬೇಕೆಂದರೆ ಕೊಯ್ದ ಮಾಂಸವನ್ನು ಹಂಚಿನ ಮೇಲೆ ಮತ್ತೊಮ್ಮೆ ಬಾಡಿಸಿ ಕೊಡಲು ಹೇಳಿ, ಮಯೊನೀಸ್ ಬಿಡಿ.

ಹಾಲಿನ ಸಿಹಿಯ ಬಗ್ಗೆ ಎರಡು ಮಾತು. ಧಾರವಾಡ ಪೇಡಾ ಹಾಲನ್ನು ಕಂದುಬಣ್ಣ ಬರುವವರೆಗೆ ಇಂಗಿಸಿ, ಸಕ್ಕರೆಯಲ್ಲಿ ಹೊರಳಿಸಿದ್ದು. ದಿನಗಟ್ಟಲೆ ಪ್ರಯಾಣ ಮಾಡುತ್ತದೆ. ಬಾಸುಂದಿ, ರಸಮಲಾಯಿ, ಕ್ರೀಮ್ ಕೇಕ್ ಹಾಗಲ್ಲ. ಅವನ್ನು ಮುಟ್ಟಿದ ಕೈಯ ಗಾಯದಿಂದ, ಮೂಗಿನಿಂದ ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ದಾಟುತ್ತದೆ, ಅದರ ವಿಷವೂ ಬಿಸಿಗೆ ಹೋಗದ ಜಾತಿಯದು. ಫ್ರಿಜ್ಜಿನ ಹೊರಗೆ ಇಟ್ಟು ಮಾರುತ್ತಿದ್ದರೆ ಕೊಳ್ಳಬೇಡಿ.

ನೀರು

ಹುಬ್ಬಳ್ಳಿ-ಧಾರವಾಡಕ್ಕೆ ನೀರು ಮಲಪ್ರಭೆಯಿಂದ, ಗದಗ-ಬೆಟಗೇರಿಗೆ ತುಂಗಭದ್ರೆಯಿಂದ ಬರುತ್ತದೆ, ಶುದ್ಧೀಕರಿಸಿಯೇ ಬಿಡುತ್ತಾರೆ. ತೊಂದರೆ ಅದರ ನಂತರದ್ದು. ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರಿಂದಲೇ 24 ತಾಸಿನ ನೀರು ಬಂದರೂ, ಉಳಿದ ಎಷ್ಟೋ ಕಡೆ ದಿನಗಳ ಅಂತರದಲ್ಲೇ ನಲ್ಲಿ ಬರುವುದು. ನೀರು ನಿಂತಾಗ ಪೈಪಿನೊಳಗೆ ಒತ್ತಡವಿರುವುದಿಲ್ಲ. ಸೋರುವ ಜೋಡಣೆಗಳಿಂದ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ. ಬಂದ ನೀರು ಹೋಟೆಲಿನ ಸಂಪಿನಲ್ಲಿ, ಪ್ಲಾಸ್ಟಿಕ್ ಬ್ಯಾರಲ್ಲಿನಲ್ಲಿ ದಿನಗಟ್ಟಲೆ ಕೂತಿರುತ್ತದೆ. ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಫ್ಲೋರೈಡಿನ ಕಾರಣಕ್ಕೆ ಶುದ್ಧ ನೀರಿನ ಘಟಕಗಳು ಬಂದಿವೆ, ಒಳ್ಳೆಯದೇ. ಆದರೆ ಘಟಕದಿಂದ ತುಂಬಿದ ಕ್ಯಾನು ತೊಳೆದದ್ದೋ ಇಲ್ಲವೋ, ಕ್ಯಾನಿನೊಳಗೆ ಲೋಟ ಅದ್ದುತ್ತಾರೋ ನಲ್ಲಿ ತಿರುವುತ್ತಾರೋ ಎಂಬಲ್ಲಿ ಎಲ್ಲ ತೀರ್ಮಾನವಾಗುತ್ತದೆ.

ಹೊರಗೆ ಹೋಗುವಾಗ ಮನೆಯಿಂದ ಬಾಟಲಿ ಒಯ್ಯುವುದು ಅತಿ ಸುಲಭದ ಉಪಾಯ. ಮರೆತರೆ ಬಿಸಿ ನೀರು ಕೇಳಿ, ಸೀಲು ಗಟ್ಟಿಯಿದ್ದ ಬಾಟಲಿ ಕೊಳ್ಳಿ, ಅಥವಾ ಚಹಾ ಕುಡಿದು ಎದ್ದುಬಿಡಿ. ಮಜ್ಜಿಗೆಯಲ್ಲಿ ಮೊಸರಿಗಿಂತ ನೀರೇ ಹೆಚ್ಚು ಎಂಬುದು ನೆನಪಿರಲಿ. ಕಬ್ಬಿನ ಹಾಲು ಕುಡಿಯುವವರು ಬರ್ಫ್ ಬೇಡವೆನ್ನಿ. ತಿನ್ನಲು ಯೋಗ್ಯವಲ್ಲದ, ಸರಕು ತಣ್ಣಗಿಡುವ ಬರ್ಫಿಗೆ ನೀಲಿ ಬಣ್ಣ ಬೆರೆಸಬೇಕೆಂದು 2018ರಿಂದ ನಿಯಮವಿದೆ, ಆದರೆ ಬಿಳಿಯಿದ್ದ ಮಾತ್ರಕ್ಕೆ ಕುಡಿಯುವ ನೀರಿನದೆಂದು ಹೇಳಲಾಗದು.

ದುರ್ಗದ ಬೈಲಿನಲ್ಲಿ ನಿಂತು

ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಬೇಡಿ ಎನ್ನುವಷ್ಟು ಕಠಿಣ ಮನಸ್ಸು ನನಗಿಲ್ಲ. ಹೋಗಿ, ಆದರೆ ಆರಿಸಿ. ಮಿರ್ಚಿ, ಭಜಿ ನಿಮ್ಮೆದುರಿಗೆ ಎಣ್ಣೆಯಿಂದ ಬಂದರೆ ಸರಿ. ಗಿರ್ಮಿಟ್ಟಿನ ಗೊಜ್ಜು ಬೆಂದದ್ದು, ಹುಣಸೆಯ ಹುಳಿಯಿದೆ. ಮಂಡಕ್ಕಿ ಮತ್ತು ಪುಠಾಣಿ ಹಿಟ್ಟು ಒಣಗಿದ್ದು. ಮೇಲೆ ಉದುರಿಸುವ ಹೆಚ್ಚಿದ ಉಳ್ಳಾಗಡ್ಡಿ, ಕೊತಂಬರಿ ಮಧ್ಯಾಹ್ನ ಹೆಚ್ಚಿದ್ದಾಗಿರಬಹುದು, ಅದನ್ನು ಕಡಿಮೆ ಹಾಕಿಸಿಕೊಳ್ಳಿ. ಪಾನಿಪುರಿಯ ಪಾನಿಯಂತೂ ಕುದಿಸದ ನೀರಿಗೆ ಹಸಿ ಪುದೀನ ರುಬ್ಬಿ ಸೇರಿಸಿ, ದಿನವಿಡೀ ಕೈ ಅದ್ದಿದ ದ್ರವ. ಮಳೆಗಾಲದಲ್ಲಿ ಬೇಡ ಎಂಬುದು ನನ್ನ ಖಡಕ್ ಅಭಿಪ್ರಾಯ. ಸೇವ್‌ಪುರಿಯಲ್ಲಿ ತೃಪ್ತಿಪಡಿ.

ನೋಟು ಎಣಿಸುವ ಕೈಯೇ ಮಂಡಕ್ಕಿ ಕಲಸುತ್ತಿದೆಯೇ ನೋಡಿ. ಗಂಡ ದುಡ್ಡು ಇಸಿದುಕೊಂಡು ಹೆಂಡತಿ ಕಲಸುವ ಬಂಡಿಗಳು ಬೇಕಾದಷ್ಟಿವೆ. ಫೋನಿನಲ್ಲಿ ದುಡ್ಡು ಕಳಿಸುವ ರೂಢಿ ಬಂದಮೇಲೆ ಹೊಟ್ಟೆಗೂ ಸ್ವಲ್ಪ ಒಳ್ಳೆಯದಾಗಿದೆ. ಸುದ್ದಿಪತ್ರಿಕೆಯ ಪೇಪರಿನಲ್ಲಿ ಸುತ್ತಿಕೊಡುವುದು ಕಾನೂನಿನಂತೆ ನಿಷಿದ್ಧ; ಅದು ಶಾಯಿಯ ಕಾರಣಕ್ಕೆ.

ಪಾರ್ಸೆಲ್ ಮತ್ತು ಡಬ್ಬಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರ ದೊಡ್ಡ ಲೋಕವೇ ಇದೆ. ಅವರಲ್ಲಿ ಬಹಳ ಜನರ ಊಟ ಡಬ್ಬಿಯದು. ಬೆಳಿಗ್ಗೆ ಎಂಟಕ್ಕೆ ತುಂಬಿದ ಡಬ್ಬಿ ಒಂಬತ್ತಕ್ಕೆ ಕೋಣೆಯ ಬಾಗಿಲಿಗೆ ಬರುತ್ತದೆ, ಲೈಬ್ರರಿಯಿಂದ ಮರಳಿ ಉಣ್ಣುವುದು ಎರಡಕ್ಕೆ. ಲೆಕ್ಕ ಹಾಕಿ: ಆರು ತಾಸು, ಮುಚ್ಚಿದ ಡಬ್ಬಿಯ ಬೆಚ್ಚನೆಯಲ್ಲಿ, ಅನ್ನ ಮತ್ತು ಬೇಳೆ ಸಾರು. ಇದೇ ಹುಡುಗರು ರಸ್ತೆ ಬದಿಯ ಮಿರ್ಚಿಗೆ ಹೆದರುತ್ತಾರೆ!

ಮಾಡಬಹುದಾದದ್ದು ಹೀಗೆ. ಡಬ್ಬಿಯವರಿಗೆ ಹೇಳಿ ಬೆಳಗಿನ ಡಬ್ಬಿಯಲ್ಲಿ ರೊಟ್ಟಿ ಅಥವಾ ಚಪಾತಿ, ಒಣ ಪಲ್ಯ, ಹಿಂಡಿ, ಮೊಸರಷ್ಟೇ ತರಿಸಿಕೊಳ್ಳಿ. ಅನ್ನ-ಸಾರು ರಾತ್ರಿಗಿರಲಿ, ಬಂದ ಕೂಡಲೇ ಉಣ್ಣಿ. “ಅಕ್ಕಾರ, ಬೆಳಿಗ್ಗಿ ಅನ್ನ ಬ್ಯಾಡ, ಎರಡು ರೊಟ್ಟಿ ಹೆಚ್ಚಿಗಿ ಹಾಕ್ರಿ” ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮಧ್ಯಾಹ್ನದ ಡಬ್ಬಿಯ ಉಳಿದ ಅನ್ನವನ್ನು ರಾತ್ರಿ ಚಿತ್ರಾನ್ನ ಮಾಡುವ ಕೋಣೆ-ಅಡುಗೆ ಬಿಡಿ. ಕಾರಣ ಮೇಲೆ ಹೇಳಿದೆ. ಆ್ಯಪ್‌ನಲ್ಲಿ ತರಿಸುವ ಊಟಕ್ಕೂ ಅದೇ ಗಡಿಯಾರ. ಹುಬ್ಬಳ್ಳಿಯ ಹೋಟೆಲಿನಿಂದ ಧಾರವಾಡಕ್ಕೆ ತರಿಸುವ ಆಸೆ ಬಿಟ್ಟು ಹತ್ತಿರದ್ದನ್ನು ಆರಿಸಿ.

ಆದರೂ ಹೊಟ್ಟೆ ಕೆಟ್ಟರೆ: ಗಡಿಯಾರ ಹಿಂದಕ್ಕೆ ತಿರುಗಿಸಿ

ಎಲ್ಲರೂ ಬೈಯುವುದು ಕೊನೆಗೆ ತಿಂದದ್ದನ್ನು. ಬಹಳ ಸಲ ಅದು ನಿರಪರಾಧಿ. ಉಂಡ ಒಂದರಿಂದ ಆರು ತಾಸಿನಲ್ಲಿ ವಾಂತಿಯೇ ಮುಖ್ಯವಾಗಿದ್ದರೆ ಅನ್ನ ಅಥವಾ ಹಾಲಿನ ಪದಾರ್ಥದಲ್ಲಿ ಮೊದಲೇ ಆಗಿದ್ದ ವಿಷ. ಆರರಿಂದ ಇಪ್ಪತ್ನಾಲ್ಕು ತಾಸಿನಲ್ಲಿ, ಜ್ವರವಿಲ್ಲದೆ ಹೊಟ್ಟೆ ಕಡಿದು ಜುಲಾಬು ಹತ್ತಿದರೆ ಮಾಂಸದ ಗ್ರೇವಿಯಂಥದ್ದು. ಒಂದೆರಡು ದಿನದ ಮೇಲೆ ಜ್ವರ ಕೂಡಿ ಬಂದರೆ ಸಾಲ್ಮೊನೆಲ್ಲಾದಂಥವು. ನಿನ್ನೆ-ಮೊನ್ನೆಯ ಕೋಳಿ, ತತ್ತಿ ನೆನಪು ಮಾಡಿಕೊಳ್ಳಿ. ಟೈಫಾಯ್ಡ್ ಒಂದರಿಂದ ಮೂರು ವಾರ ಹಿಂದಿನ ನೀರಿನದು. ಕಾಮಾಲೆ ತರುವ ಹೆಪಟೈಟಿಸ್ ಎ ಸರಾಸರಿ 28 ದಿನ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಹೆಪಟೈಟಿಸ್ ಇ ಅವರಿಗೆ ಪ್ರಾಣಾಪಾಯ ತರಬಲ್ಲದು, ಹೊರಗಿನ ನೀರಿನ ವಿಷಯದಲ್ಲಿ ಅವರಿಗೆ ರಿಯಾಯಿತಿ ಬೇಡ.

ಜೊತೆಗೆ ಉಂಡವರಿಗೆ ಫೋನ್ ಮಾಡಿ. ಯಾರು ಏನು ತಿಂದರು, ಯಾರಿಗೆ ಎಷ್ಟೊತ್ತಿಗೆ ಶುರುವಾಯಿತು ಎಂದು ಒಂದು ಕಾಗದದ ಮೇಲೆ ಬರೆಯಿರಿ. ವೈದ್ಯರಿಗೂ, ದೂರಿಗೂ ಇದು ಬೇಕು.

ನೀರು ತುಂಬಿಸುವುದೇ ಮದ್ದು

ಬಹುತೇಕ ಪ್ರಕರಣಗಳು ಒಂದೆರಡು ದಿನದಲ್ಲಿ ತಾವೇ ಇಳಿಯುತ್ತವೆ. ಅಷ್ಟರೊಳಗೆ ದೇಹ ಒಣಗದಂತೆ ನೋಡಿಕೊಳ್ಳುವುದೇ ಕೆಲಸ. ಓಆರ್‌ಎಸ್ ಪೊಟ್ಟಣ ಪೂರ್ತಿಯನ್ನು ಅದರ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ ಒಂದು ಲೀಟರ್, ಕುದಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪೊಟ್ಟಣ, ಅಂದಾಜಿನ ನೀರು ಬೇಡ. ಕಲಸಿದ್ದನ್ನು 24 ತಾಸು ದಾಟಿಸಬೇಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಣ್ಣದ ಟೆಟ್ರಾ ಪ್ಯಾಕಿನಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಸಕ್ಕರೆ ಹೆಚ್ಚಾದರೆ ಜುಲಾಬು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನೇ ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿತು. ಈ ಸಾದಾ ಉಪ್ಪು-ಸಕ್ಕರೆ ನೀರಿನ ಶಕ್ತಿಯನ್ನು ಜಗತ್ತಿಗೆ ತೋರಿಸಿದವರಲ್ಲಿ ದಿಲೀಪ್ ಮಹಲನಬಿಸ್ ಎಂಬ ಬಂಗಾಳದ ವೈದ್ಯರು ಪ್ರಮುಖರು, 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ.

ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಹತ್ತು ವರ್ಷದವರೆಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಬೇಕಾದಷ್ಟು. ಎದೆಹಾಲು ನಿಲ್ಲಿಸಬಾರದು. ಉಪವಾಸ ಕೆಡವುವುದೂ ಬೇಡ. ಗಂಜಿ, ಜೋಳದ ಅಂಬಲಿ, ಮನೆಯ ಮಜ್ಜಿಗೆ-ಅನ್ನ ಕೊಡಿ. ಐದು ವರ್ಷದೊಳಗಿನವರಿಗೆ ಸತುವಿನ ಮಾತ್ರೆಯನ್ನು ವೈದ್ಯರ ಬಳಿ ಕೇಳಿ. ಭೇದಿ ಕಟ್ಟುವ ಗುಳಿಗೆಯನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರಬೇಡಿ. ರಕ್ತ ಅಥವಾ ಜ್ವರ ಇದ್ದಾಗ ಅದು ಅಪಾಯ, ಮಕ್ಕಳಿಗೆ ಇನ್ನೂ ಅಪಾಯ. ಹಿಂದಿನ ಸಲ ಉಳಿದ ಆ್ಯಂಟಿಬಯಾಟಿಕ್ ಕೂಡ ಬೇಡ.

ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು: ಭೇದಿಯಲ್ಲಿ ರಕ್ತ, ಅಕ್ಕಿ ತೊಳೆದ ನೀರಿನಂಥ ಭೇದಿ ಧಾರಾಕಾರ ಹೋಗುವುದು, ಗುಟುಕು ನೀರೂ ನಿಲ್ಲದ ವಾಂತಿ, ಆರೆಂಟು ತಾಸು ಮೂತ್ರ ಬಾರದಿರುವುದು, ಎದ್ದರೆ ಕಣ್ಣು ಕತ್ತಲೆ, ಜೋರು ಜ್ವರ, ಮಗುವಿನ ಕಣ್ಣು ಗುಳಿ ಬೀಳುವುದು, ಮಂಕು ಕವಿಯುವುದು. ದೃಷ್ಟಿ ಎರಡೆರಡಾಗಿ ರೆಪ್ಪೆ ಜೋತುಬಿದ್ದರೆ ಒಂದು ಕ್ಷಣವೂ ತಡೆಯಬೇಡಿ. ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ಗದಗಿನ ಜಿಮ್ಸ್, ಧಾರವಾಡ ಮತ್ತು ಹಾವೇರಿಯ ಜಿಲ್ಲಾಸ್ಪತ್ರೆಗಳಿವೆ, ಆಂಬುಲೆನ್ಸಿಗೆ 108. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು ಈ ಲಕ್ಷಣಗಳಿಗೆ ಕಾಯದೆ ಮೊದಲ ದಿನವೇ ತೋರಿಸುವುದು ಒಳ್ಳೆಯದು.

ದೂರು ಕೊಡುವುದಾದರೆ ಅದೇ ದಿನ

ಮೂರು ದಿನ ಮಲಗಿ ಎದ್ದು ದೂರು ಕೊಟ್ಟರೆ ಹೋಟೆಲಿನಲ್ಲಿ ಆ ಪಾತ್ರೆಯೂ ಇರುವುದಿಲ್ಲ, ಆ ಅಡುಗೆಯೂ ಇರುವುದಿಲ್ಲ. ಒಂದಕ್ಕಿಂತ ಹೆಚ್ಚು ಜನರಿಗೆ ಆಗಿದ್ದರೆ ಮನೆಯವರಿಂದಾದರೂ ಅದೇ ದಿನ ಹೇಳಿಸಿ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಲಿಖಿತವಾಗಿ ಕೊಡಬಹುದು, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಬಹುದು, 1800-11-2100ಕ್ಕೆ ಕರೆ ಮಾಡಬಹುದು. ಬಿಲ್ಲು, 14 ಅಂಕಿಯ ಸಂಖ್ಯೆಯ ಫೋಟೊ, ಬರೆದಿಟ್ಟ ಪಟ್ಟಿ, ಆಸ್ಪತ್ರೆಯ ಚೀಟಿ ಜೊತೆಗಿರಲಿ. ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ಮಲಪರೀಕ್ಷೆ ಮಾಡಿಸಲಾಗುವುದೇ ಎಂದು ವೈದ್ಯರನ್ನು ಕೇಳಿ. ವರದಿಯಿದ್ದರೆ ದೂರಿಗೆ ಬಲ ಬರುತ್ತದೆ. ಉಳಿದ ಪಾರ್ಸೆಲ್ ಅನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ, ಆದರೆ ಅದರ ಮೇಲೆ ಹೆಚ್ಚು ಭರವಸೆ ಬೇಡ. ಅಧಿಕಾರಿ ಹೋಟೆಲಿನಿಂದ ತಾನೇ ತೆಗೆದ ಮಾದರಿಗೇ ಕಾನೂನಿನಲ್ಲಿ ತೂಕ.

ಮಾಲಕರಿಗೂ ಒಂದು ಮಾತು ತಿಳಿಸಿ. ಜಗಳಕ್ಕಲ್ಲ; ಅದೇ ಪಾತ್ರೆಯಿಂದ ರಾತ್ರಿಯೂ ಬಡಿಸಬಹುದು. “ಮಧ್ಯಾಹ್ನ ನಿಮ್ಮಲ್ಲಿ ಉಂಡ ನಾಲ್ಕು ಮಂದಿಗೂ ವಾಂತಿ ಆಗೈತ್ರಿ, ಆ ಅನ್ನ ಉಳಿದಿದ್ರ ಯಾರಿಗೂ ನೀಡಬ್ಯಾಡ್ರಿ” ಎಂದರೆ ಸಾಕು.

2006ರ ಆಹಾರ ಸುರಕ್ಷತೆ ಕಾಯ್ದೆಯ 65ನೇ ಕಲಮಿನಂತೆ ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಹಾನಿಯಾದರೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ ಪರಿಹಾರ ಕೊಡಿಸಬಹುದು. ಆಸ್ಪತ್ರೆಯ ಖರ್ಚಿಗಾಗಿ ಧಾರವಾಡ, ಗದಗ, ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಗಳಿಗೂ ಹೋಗಬಹುದು. ಮೊದಲು ಸಲಹೆ ಬೇಕಿದ್ದರೆ ಗ್ರಾಹಕ ಸಹಾಯವಾಣಿ 1915. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ಊಟದ ಬಿಲ್ಲು ಅಷ್ಟಾಗುವುದಿಲ್ಲವಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು, ಎರಡು ವರ್ಷದೊಳಗೆ ಸಲ್ಲಿಸಬೇಕು.